ಪಾತಾಳದ ದಾಳಿಂಬೆ, ಲೈಬ್ರರಿಯ ಒಣದ್ರಾಕ್ಷಿ

ಕಥೆ ಹೇಳುವುದೇನು ಬ್ರಹ್ಮವಿದ್ಯೆಯಲ್ಲ ಎಂದು ಮೇಷ್ಟ್ರು ಅಡುಗೆಮನೆಯ ಹೊಸಿಲ ಮೇಲೆ ನಿಂತು, ಎಡಗೈಯನ್ನು ಸೊಂಟಕ್ಕೂ ಬಲಗೈಯನ್ನು ಆಕಾಶಕ್ಕೂ ಕೊಟ್ಟು ಘೋಷಿಸಿದರು.

"ಆಯುಷ್ಯವಿಡೀ ತರಗತಿ ಆಳಿದವನು ನಾನು. ನಾನು ಬಾಯಿ ತೆರೆದರೆ ಒಬ್ಬ ಹುಡುಗನಾದರೂ ಕಮಕ್ ಕಿಮಕ್ ಅಂತಿರಲಿಲ್ಲ. ಇನ್ನು ಶನಿವಾರ ಸಂಜೆ ನಾಲ್ಕು ಪುಟಾಣಿಗಳನ್ನ ಕೂರಿಸಿಕೊಂಡು ಕಥೆ ಹೇಳೋದು ನನಗೆ ಯಾವ ಲೆಕ್ಕ?"

ಒಲೆಯ ಮುಂದಿದ್ದ ಹೆಂಡತಿ ತಿರುಗಿದರು. ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡಿದ್ದ ಸ್ಲೇಟನ್ನು ಎತ್ತಿ, ಬಳಪದಿಂದ ಎರಡೇ ಪದ ಬರೆದು ತೋರಿಸಿದರು.

"ನಿದ್ದೆ ಮಾಡ್ತಿದ್ರು."

ನಿವೃತ್ತ ವ್ಯಾಕರಣ ಮೇಷ್ಟ್ರು ಆಕಾಶಕ್ಕೆ ಕೊಟ್ಟಿದ್ದ ಕೈಯನ್ನು ಕೆಳಗಿಳಿಸಿದರು. ಮೊದಲಾದರೆ ಆಕೆಯ ಹತ್ತು ಮಾತಿನಲ್ಲಿ ಒಂದಾದರೂ ಗುರಿ ತಪ್ಪುತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ವೈದ್ಯರು ಪಿಸುಮಾತನ್ನೂ ಆಡಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಸ್ಲೇಟು ಚಿಕ್ಕದು, ಬಳಪ ಮೊಂಡು. ಹೀಗಾಗಿ ಆಕೆ ಬರೆದದ್ದೆಲ್ಲ ನೇರವಾಗಿ ಹೋಗಿ ನಾಟುತ್ತಿತ್ತು.

ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಮೊಳಗುತ್ತಿದ್ದ ಒಂದು ಪದವಿತ್ತು: "ರೀ." ಕನ್ನಡಕ ಇಟ್ಟ ಜಾಗ ಕೇಳಲು ಒಂದು ರೀ, ನಲ್ಲಿ ತಿರುಗಿಸಿ ಮರೆತದ್ದಕ್ಕೆ ಒಂದು ರೀ, ಸುಮ್ಮನೆ ಕೂತಿದ್ದರೆ ಯಾಕೆ ಸುಮ್ಮನೆ ಕೂತಿದ್ದೀರಿ ಎಂಬುದಕ್ಕೆ ಇನ್ನೊಂದು. ಇಷ್ಟು ವರ್ಷ ಮೇಷ್ಟ್ರು ಆ ಪದದಿಂದ ತಲೆ ತಪ್ಪಿಸಿಕೊಂಡೇ ತಿರುಗಿದವರು. ಈಗ ಅದರ ಬದಲು ತಟ್ಟೆಯ ಅಂಚಿಗೆ ಚಮಚ ಬಡಿದ ಟಣ್ ಶಬ್ದ ಬರುತ್ತಿತ್ತು. ಪ್ರತಿ ಟಣ್‌ಗೂ ಮೇಷ್ಟ್ರು ಆ ಹಳೆಯ ರೀ ಬಂದೀತೇ ಎಂದು ಕಿವಿ ನಿಮಿರಿಸುತ್ತಿದ್ದರು. ಧ್ವನಿ ಮರಳುತ್ತದೆಯೇ ಎಂದು ಕೇಳಿದಾಗ ವೈದ್ಯರು "ಬರಬಹುದು" ಎಂದಿದ್ದರು. "ಬರುತ್ತದೆ" ಎಂಬುದಕ್ಕೂ "ಬರಬಹುದು" ಎಂಬುದಕ್ಕೂ ನಡುವೆ ಎಷ್ಟು ದೊಡ್ಡ ಹಳ್ಳವಿದೆಯೆಂದು ಮಕ್ಕಳಿಗೆ ಪಾಠ ಮಾಡಿದವರೇ ಅವರು. ಈಗ ಆ ಹಳ್ಳದ ದಂಡೆಯಲ್ಲಿ ತಾವೇ ಕುಕ್ಕರಗಾಲಿನಲ್ಲಿ ಕೂತಿದ್ದರು.

ಮನೆಯಲ್ಲಿ ಮಾತು ನಿಂತರೆ ಹೇಗೋ ನಡೆದೀತು, ಲೈಬ್ರರಿಯಲ್ಲಿ ನಿಲ್ಲುವ ಹಾಗಿರಲಿಲ್ಲ. ಪುರಸಭೆಯ ಲೈಬ್ರರಿಯ ಹಿಂಭಾಗದಲ್ಲಿ ಕಾಲು ಮುರಿದ ಕುರ್ಚಿಗಳನ್ನು ಒಟ್ಟಿದ್ದ ಕೋಣೆಯೊಂದನ್ನು ಹೆಂಡತಿ ಎಂದೋ ಗ್ರಂಥಪಾಲಕರಿಗೆ ಗಂಟು ಬಿದ್ದು ಪಡೆದಿದ್ದರು. ತಾವೇ ಗುಡಿಸಿ, ಸುಣ್ಣ ಹೊಡೆದು, ಹಳೆಯ ಜಮಖಾನೆ ಹಾಸಿ ಅದನ್ನು ಮಕ್ಕಳ ಕಥೆಮನೆ ಮಾಡಿದ್ದರು. ಶನಿವಾರ ಸಂಜೆ ಒಂದು ಕಥೆ. ಕಥೆ ಮುಗಿದ ಮೇಲೆ ಡಬ್ಬಿಯಿಂದ ಒಬ್ಬೊಬ್ಬರಿಗೂ ಒಂದು ಚಮಚ ಒಣದ್ರಾಕ್ಷಿ. ಲೈಬ್ರರಿಯೊಳಗೆ ತಿನ್ನುವುದು ನಿಷಿದ್ಧವಾದರೂ ಗ್ರಂಥಪಾಲಕರು ಆ ಹೊತ್ತಿಗೆ ಕಿಟಕಿಯ ಕಡೆ ನೋಡುತ್ತಿದ್ದರು. ಊರಿನ ಮಕ್ಕಳೆಲ್ಲ ಆಕೆಯನ್ನು ಕಥೆ ಅಜ್ಜಿ ಎನ್ನುತ್ತಿದ್ದರು.

ಈಗ ಆ ಕೋಣೆಯ ಮೇಲೆ ಚದುರಂಗದ ತರಬೇತುದಾರನ ಕಣ್ಣು ಬಿದ್ದಿತ್ತು. "ಅವರ ತರಗತೀಲಿ ಯಾರೂ ಮಾತೇ ಆಡೋದಿಲ್ಲ ಸಾರ್," ಎಂದು ಗ್ರಂಥಪಾಲಕರು ಸ್ವರ್ಗ ಕಂಡವರಂತೆ ಹೇಳಿದ್ದರು. "ಅಮ್ಮನವರ ಮುಖ ನೋಡಿ ತಡೆದುಕೊಂಡಿದೀನಿ. ಕಥೆ ನಿಂತುಹೋದ್ರೆ ನನ್ನ ಕೈಲಿ ಏನೂ ಇಲ್ಲ."

ಆದ್ದರಿಂದಲೇ ಮೇಷ್ಟ್ರು ಹೊಸಿಲ ಮೇಲೆ ನಿಂತು ಆ ಪ್ರತಿಜ್ಞೆ ಮಾಡಿದ್ದು. ಹೆಂಡತಿಗೆ ಧ್ವನಿ ಮರಳಿದ ಹೊತ್ತಿಗೆ ಹೋಗಲು ಒಂದು ಕೋಣೆ ಉಳಿದಿರಬೇಕು. ಅಷ್ಟನ್ನು ಕಾಪಾಡಲಾರದ ಗಂಡ ಎಂಥ ಗಂಡ!

ಯಾವ ಕಥೆ ಹೇಳುವುದು? ರಾಜನ ಕಥೆ, ನರಿಯ ಕಥೆ, ಏಳು ಸಮುದ್ರದಾಚೆಯ ಗಿಳಿಯ ಕಥೆ ಎಲ್ಲವನ್ನೂ ಹೆಂಡತಿ ಹೇಳಿ ಮುಗಿಸಿದ್ದರು. ಅವನ್ನೇ ಹೇಳಿದರೆ "ಅಜ್ಜಿ ಹೀಗೆ ಹೇಳಲ್ಲ" ಎಂದು ಮಕ್ಕಳು ಮುಖ ತಿರುಗಿಸುವುದು ಖಂಡಿತ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟಿದ್ದ ದಪ್ಪ ಪುಸ್ತಕವೊಂದು ಕಿಟಕಿಯ ಬಾಗಿಲು ಬಡಿಯದಂತೆ ಒತ್ತು ಕೊಟ್ಟು ನಿಂತಿತ್ತು. ಪ್ರಾಚೀನ ಗ್ರೀಸಿನ ದೇವತೆಗಳ ಕಥೆಗಳು. ಮೇಷ್ಟ್ರು ಧೂಳು ಕೊಡವಿದರು. ಇಲ್ಲಿ ಹೋಲಿಸಿ ನೋಡಲು ಯಾವ ಅಜ್ಜಿಯೂ ಇಲ್ಲ!

ಮೊದಲ ಶನಿವಾರ ಕ್ರೋನಸನ ಕಥೆ. ತನ್ನ ಮಕ್ಕಳೇ ತನ್ನ ಸಿಂಹಾಸನ ಕಿತ್ತುಕೊಳ್ಳುತ್ತಾರೆಂದು ಹೆದರಿ, ಹುಟ್ಟಿದ ಮಕ್ಕಳನ್ನೆಲ್ಲ ಗುಳುಂ ಮಾಡಿದ ತಂದೆ ಅವನು. ಮೇಷ್ಟ್ರು ಗ್ರೀಸಿನ ಎಲ್ಲೆ, ಹವಾಮಾನ, ಮುಖ್ಯ ಬೆಳೆಗಳಿಂದ ಆರಂಭಿಸಿ ಗುಳುಂಗೆ ಬಂದರು. ಮಕ್ಕಳು ಕಮಕ್ ಕಿಮಕ್ ಎನ್ನಲಿಲ್ಲ. ಮೇಷ್ಟ್ರು ಎದೆಯುಬ್ಬಿಸಿಕೊಂಡು ಮನೆಗೆ ಬಂದರು.

ಸೋಮವಾರ ದರ್ಜಿ ಬಂದ. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು.

"ಸಾರ್, ಅದೇನು ಕಥೆ ಹೇಳಿದ್ರಿ ನಮ್ಮ ಅವಳಿಗಳಿಗೆ? ನಿನ್ನೆ ಎತ್ಕೊಂಡು ಮುದ್ದಿಗೆ ‘ತಿಂದುಬಿಡ್ತೀನಿ ನೋಡು’ ಅಂದೆ. ಎರಡೂ ಹೋಗಿ ಹೊಲಿಗೆ ಯಂತ್ರದ ಕೆಳಗೆ ಕೂತಿವೆ. ಏನಂದ್ರೂ ಹೊರಗೆ ಬರ್ತಿಲ್ಲ. ನಾನು ಪೆಡಲ್ ತುಳಿಯೋ ಹಾಗಿಲ್ಲ. ಅವರಮ್ಮ ನನ್ನನ್ನ ತುಳೀತಾ ಇದಾಳೆ."

ದರ್ಜಿಯನ್ನು ಸಮಾಧಾನಪಡಿಸಿ ಕಳಿಸಿದ ಮೇಷ್ಟ್ರು ಮತ್ತೆ ಪುಸ್ತಕ ತೆರೆದರು. ಈ ಸಲ ಮೃದುವಾದದ್ದು ಬೇಕು. ತಾಯಿ, ಮಗಳು, ಹೂವು, ಹಣ್ಣು, ಇಂಥದು. ಸಿಕ್ಕಿತು. ಪೈರಿನ ದೇವತೆ ಡಿಮೀಟರಳ ಮಗಳು ಪರ್ಸಿಫೋನಿ ಹೂ ಕೀಳುತ್ತಿರುವಾಗ ಪಾತಾಳದ ರಾಜ ಹೇಡಿಸ್ ಅವಳನ್ನು ರಥದಲ್ಲಿ ಹೊತ್ತೊಯ್ಯುತ್ತಾನೆ. ತಾಯಿ ಅತ್ತು ಅತ್ತು ಭೂಮಿ ಬರಡಾಗುತ್ತದೆ. ಕೊನೆಗೆ ದೇವತೆಗಳೆಲ್ಲ ಸೇರಿ ಮಗಳನ್ನು ಬಿಡಿಸುತ್ತಾರೆ. ಅಷ್ಟರಲ್ಲಿ ಅವಳು ಪಾತಾಳದ ದಾಳಿಂಬೆಯ ಆರು ಕಾಳು ತಿಂದುಬಿಟ್ಟಿರುತ್ತಾಳೆ. ಅಲ್ಲಿ ತಿಂದವರು ಅಲ್ಲಿಗೇ ಸೇರಿದವರು. ಹಾಗಾಗಿ ವರ್ಷದಲ್ಲಿ ಆರು ತಿಂಗಳು ಪಾತಾಳ, ಆರು ತಿಂಗಳು ತಾಯಿಯ ಮನೆ.

ಓದಿನ ರಭಸದಲ್ಲಿ ಮೇಷ್ಟ್ರ ಕೈ ತನ್ನಷ್ಟಕ್ಕೇ ಮೇಜಿನ ಮೇಲಿದ್ದ ಡಬ್ಬಿಗೆ ಹೋಗಿ ಒಂದು ಹಿಡಿ ಒಣದ್ರಾಕ್ಷಿ ತಂದಿತು. ಮತ್ತೆ ಹೋಯಿತು, ಮತ್ತೆ ತಂದಿತು. ಇದು ಇಂದು ನಿನ್ನೆಯ ಅಭ್ಯಾಸವಲ್ಲ. ಟಣ್ ಎಂದಿತು. ತಲೆಯೆತ್ತಿದರೆ ಸ್ಲೇಟು.

"ಅದು ಮಕ್ಕಳದು."

ಶನಿವಾರ ಬಂತು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಮಹಡಿಯ ಮೇಲಿನ ಮನೆಯ ಹುಡುಗಿ ಕೂತಿದ್ದಳು. ಅವಳಮ್ಮ ಆಸ್ಪತ್ರೆಯಲ್ಲಿ ನರ್ಸು. ಅಮ್ಮನ ಪಾಳಿ ಮುಗಿಯುವತನಕ ಹುಡುಗಿ ಕೆಳಗೆ ಅಜ್ಜಿಯ ಮಡಿಲಲ್ಲೇ ಬೆಳೆದವಳು. ಗಂಟಲು ತೆಳ್ಳಗೆ, ಎತ್ತರಕ್ಕೆ, ನಿಲ್ಲದೆ ನುಡಿಯುತ್ತಿದ್ದುದರಿಂದ ಎಲ್ಲರೂ ಅವಳನ್ನು ಪಿಟೀಲು ಎಂದೇ ಕರೆಯುತ್ತಿದ್ದರು. ಅವಳ ಹಿಂದೆ ದರ್ಜಿಯ ಅವಳಿಗಳು, ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು. ಗೋಡೆಗೊರಗಿ ಬೇಕರಿಯವನ ಮಗ, ಅಡ್ಡಹೆಸರು ಗುಂಡಣ್ಣ.

"ಬದಲಿ ತಾತ," ಎಂದಳು ಪಿಟೀಲು. ಮಕ್ಕಳು ಮೇಷ್ಟ್ರಿಗೆ ಕೊಟ್ಟಿದ್ದ ಬಿರುದು ಅದು. "ಅವನ ಹೆಸರು ಹೇಡಿಸ್ ಅಂದ್ರಲ್ಲ, ಅವನು ಹೇಡಿನಾ?"

"ಅಲ್ಲಮ್ಮ, ಮಹಾ ಬಲಶಾಲಿ."

"ಮತ್ತೆ ಕೇಳದೇ ಯಾಕೆ ಎತ್ತಿಕೊಂಡು ಹೋದ?"

ಮೇಷ್ಟ್ರು ಕೆಮ್ಮಿ ಮುಂದಕ್ಕೆ ಹೋದರು. ದಾಳಿಂಬೆ ಬಂತು. ಆರು ಕಾಳು ಬಂತು. ಅವಳಿಗಳಲ್ಲಿ ಒಬ್ಬ ಕೈಯೆತ್ತಿದ.

"ತಿಂದ್ರೆ ಯಾಕೆ ವಾಪಸ್ ಹೋಗೋ ಹಾಗಿಲ್ಲ?"

ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ತರಗತಿಯಲ್ಲಿ ನಿಂತು "ಗೊತ್ತಿಲ್ಲ" ಎಂದ ದಾಖಲೆ ಮೇಷ್ಟ್ರ ಬಾಳಿನಲ್ಲೇ ಇರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಆರಂಭಿಸುವುದೇ?

"ಅದು ನಿಯಮ," ಎಂದರು ಗಂಭೀರವಾಗಿ. "ಯಾರ ಮನೆಯಲ್ಲಿ ತಿಂದೆವೋ ಆ ಮನೆಗೆ ಸೇರಿದವರಾಗ್ತೀವಿ."

"ಪಾತಾಳದಲ್ಲಿ ಮಾತ್ರಾನಾ?"

ಉಪ್ಪು ತಿಂದ ಮನೆಯನ್ನು ಮರೆಯಬಾರದು ಎಂಬ ನೀತಿಯನ್ನೂ ಇದರೊಳಗೇ ಸೇರಿಸಿಬಿಡೋಣವೆಂದು ಮೇಷ್ಟ್ರಿಗೆ ತೋರಿತು. "ಎಲ್ಲಾ ಕಡೆಗೂ," ಎಂದರು.

"ಒಂದೇ ಒಂದು ತಿಂದ್ರೂ?"

"ಕಾಳಿಗೆ ಒಂದು ತಿಂಗಳು. ಅಪವಾದ ಇಲ್ಲ. ಎಲ್ಲರೂ ಹೇಳಿ ನೋಡೋಣ."

ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಇನ್ನೊಮ್ಮೆ ಹೇಳಿಸಿದರು. ಕಾಳಿಗೆ ಒಂದು ತಿಂಗಳು, ಅಪವಾದ ಇಲ್ಲ! ಕೋಣೆ ಮೊಳಗಿತು. ಮೇಷ್ಟ್ರಿಗೆ ಕಳೆದುಹೋದ ತಾರುಣ್ಯ ಮರಳಿದಂತಾಯಿತು. ಆ ಹುರುಪಿನಲ್ಲೇ ಡಬ್ಬಿ ತೆರೆದು, ಒಬ್ಬೊಬ್ಬರ ಅಂಗೈಗೂ ಒಂದು ಚಮಚ ಒಣದ್ರಾಕ್ಷಿ ಹಾಕಿದರು. ಮಕ್ಕಳು ತಿಂದರು. ತಾವೂ ಒಂದು ಹಿಡಿ ಬಾಯಿಗೆ ಹಾಕಿಕೊಂಡರು.

ಪಿಟೀಲು ಮಾತ್ರ ಅಂಗೈಯಲ್ಲುಳಿದ ಒಂದು ದ್ರಾಕ್ಷಿಯನ್ನು ದಿಟ್ಟಿಸುತ್ತಿದ್ದಳು.

"ಬದಲಿ ತಾತ, ಇದು ಯಾರ ಮನೇದು?"

"ಲೈಬ್ರರೀದು ಅಂದ್ಕೋ."

"ಹಾಗಾದ್ರೆ ನಾವೀಗ ಲೈಬ್ರರಿಯವರಾ?"

ಕೋಣೆಯಲ್ಲಿ ಜಗಿಯುವ ಸದ್ದು ನಿಂತಿತು. "ನಾನು ಆರು ತಿಂದೆ," ಎಂದು ಅವಳು ಹೇಳಿದ್ದೇ ತಡ, ಎಲ್ಲರೂ ಬೆರಳು ಮಡಿಸಲು ಹತ್ತಿದರು. ಒಂದು ಮಗು ಉಗುಳಿತು, ಇನ್ನೊಂದು ಅಳತೊಡಗಿತು. ಅವಳಿಗಳದು ಎಲ್ಲಕ್ಕಿಂತ ಘೋರವಾದ ಗತಿ. ಒಬ್ಬ ತನ್ನ ಪಾಲನ್ನು ಪೂರ್ತಿ ತಿಂದಿದ್ದ, ಇನ್ನೊಬ್ಬ ಕೈಜಾರಿ ಜಮಖಾನೆಯ ಮೇಲೆ ಚೆಲ್ಲಿಬಿಟ್ಟಿದ್ದ. ಒಬ್ಬ ಇಲ್ಲಿ, ಒಬ್ಬ ಮನೆಯಲ್ಲಿ! ಇಬ್ಬರೂ ತಬ್ಬಿಕೊಂಡು ಗೋಳೋ ಎಂದರು. ಗುಂಡಣ್ಣ ಒಬ್ಬನೇ ವಿಧಿಯನ್ನು ಶಾಂತವಾಗಿ ಸ್ವೀಕರಿಸಿದವನು.

"ಹೇಗೂ ಇಲ್ಲೇ ಇರಬೇಕು ಅಂದ್ಮೇಲೆ ಇನ್ನೊಂದು ಚಮಚ ಹಾಕಿ ತಾತ."

ಅದೇ ಹೊತ್ತಿಗೆ ಹೆತ್ತವರು ಬಾಗಿಲಿಗೆ ಬಂದರು. "ಬಾ ಹೋಗೋಣ" ಎಂದರೆ ಮಕ್ಕಳು ಬರಲೊಲ್ಲರು. ಬ್ಯಾಂಕಿನ ಗುಮಾಸ್ತರು ತಮ್ಮ ಮಗನ ಕಾಲು ಹಿಡಿದು ಎಳೆದರು. ಮಗ ಪುಸ್ತಕದ ಕಪಾಟನ್ನು ಹಿಡಿದು ಎಳೆದ. ಕಪಾಟು ಸ್ವಲ್ಪ ಹೊತ್ತು ಯಾರ ಪಕ್ಷ ವಹಿಸುವುದೆಂದು ಯೋಚಿಸಿ, ಕೊನೆಗೆ ಇಬ್ಬರ ಮೇಲೂ ವಿಶ್ವಕೋಶದ ಸಂಪುಟಗಳನ್ನು ಸುರಿಯಿತು. ಸದ್ದಿಗೆ ಓಡಿಬಂದ ಗ್ರಂಥಪಾಲಕರು ಮೊದಲು ಪುಸ್ತಕಗಳನ್ನು ನೋಡಿದರು, ಆಮೇಲೆ ತಮ್ಮ ಪಾದರಕ್ಷೆಗೆ ಅಂಟಿದ ದ್ರಾಕ್ಷಿಯನ್ನು ನೋಡಿದರು. ಈ ಸಲ ಅವರು ಕಿಟಕಿಯ ಕಡೆ ತಿರುಗಲಿಲ್ಲ.

ಮನೆಗೆ ಬಂದ ಮೇಷ್ಟ್ರ ಮುಖವನ್ನು ಹೆಂಡತಿ ನೋಡಿ, ಹುಬ್ಬಿನಲ್ಲೇ ಹೇಗಾಯಿತೆಂದು ಕೇಳಿದರು.

"ಏನು ಹೇಳಲಿ," ಎಂದರು ಮೇಷ್ಟ್ರು ನೀರು ಕುಡಿದು. "ಮಕ್ಕಳು ಮನೆಗೇ ಹೋಗಲ್ಲ ಅಂತ ಹಠ ಹಿಡಿದುಬಿಟ್ರು."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಕೆ ನಿಧಾನವಾಗಿ ಬರೆದರು: "ನನಗೂ ಹಾಗೆ ಆಗಿರಲಿಲ್ಲ ಯಾವತ್ತೂ." ಕಣ್ಣಂಚು ಒದ್ದೆಯಾಗಿತ್ತು. ಮೇಷ್ಟ್ರಿಗೆ ಭೂಮಿ ಬಾಯ್ತೆರೆದು ತಮ್ಮನ್ನೂ ರಥಸಮೇತ ಪಾತಾಳಕ್ಕೆ ಒಯ್ಯಬಾರದೇ ಎನಿಸಿತು.

ಒಯ್ಯಲಿಲ್ಲ. ಪಾತಾಳವೇ ಆ ವಾರ ಊರಿಗೆ ಬಂತು.

ಶಾಲೆಯ ಮಧ್ಯಾಹ್ನದ ಗಂಟೆಗೆ ಮಕ್ಕಳು ಬುತ್ತಿ ತೆರೆಯಲಿಲ್ಲ. ಶಾಲೆಯಲ್ಲಿ ತಿಂದರೆ ಶಾಲೆಗೇ ಸೇರಿದವರಾಗುತ್ತೇವೆ ಎಂದರಂತೆ. ಬ್ಯಾಂಕಿನ ಗುಮಾಸ್ತರ ಮಗ ಹಲ್ಲಿನ ವೈದ್ಯರ ಬಳಿ ಬಾಯಿ ಮುಕ್ಕಳಿಸುವ ನೀರನ್ನು ಅಪ್ಪಿತಪ್ಪಿ ನುಂಗಿ, "ನಾನಿನ್ನು ಇಲ್ಲಿಯವನೇ" ಎಂದು ಕುರ್ಚಿಯ ತೋಳು ತಬ್ಬಿಕೊಂಡನಂತೆ. ಮುಂದಿನ ಸರದಿಯವರು ಕೆನ್ನೆ ಹಿಡಿದುಕೊಂಡು ನಿಂತೇ ಇದ್ದರಂತೆ. ಯಾರದೋ ಮನೆಗೆ ಬಂದ ಚಿಕ್ಕಮ್ಮನಿಗೆ ಆ ಮನೆಯ ಮಗು ಕಾಫಿಯ ಲೋಟವನ್ನು ಕೈಯಿಂದ ಕಿತ್ತುಕೊಂಡು, "ಕುಡೀಬೇಡಿ, ಆಮೇಲೆ ಇಲ್ಲೇ ಇರ್ತೀರಿ" ಎಂದಿತಂತೆ. ಚಿಕ್ಕಮ್ಮ ಅದನ್ನು ಮಗುವಿನ ತಾಯಿಯೇ ಹೇಳಿಕೊಟ್ಟ ಮಾತೆಂದು ತಿಳಿದು, ಬಂದ ಕಾಲಿನಲ್ಲೇ ಹೊರಟುಹೋದರಂತೆ.

ದೂರುಗಳೆಲ್ಲ ಮೇಷ್ಟ್ರನ್ನು ಹುಡುಕಿಕೊಂಡು ಬಂದವು. ಮನೆಯೊಳಗೆ ಬಂದರೆ ಹೆಂಡತಿಗೆ ತಿಳಿಯುತ್ತದೆಂದು ಅವರು ಬೀದಿಯ ತಿರುವಿನಲ್ಲೇ ಕಾದು ನಿಂತು, ಬಂದವರಿಂದ ಬೈಸಿಕೊಂಡು, ತರಕಾರಿ ಚೀಲ ಹಿಡಿದು ಒಳಗೆ ಬರುತ್ತಿದ್ದರು. ಆ ವಾರ ಅವರ ಮನೆಗೆ ಬಂದಷ್ಟು ಬದನೆಕಾಯಿ ಹಿಂದೆಂದೂ ಬಂದಿರಲಿಲ್ಲ.

ತಪ್ಪನ್ನು ತಿದ್ದಲು ಅವರು ಶಾಲೆಯ ಗೇಟಿಗೂ ಹೋದರು. ಅವಳಿಗಳು ಸಿಕ್ಕರು.

"ನೋಡಿ ಮಕ್ಕಳೇ, ಅದು ಬರೀ ಕಥೆ. ನಿಜ ಅಲ್ಲ."

"ಅಪವಾದ ಇಲ್ಲ ಅಂದ್ರಲ್ಲ."

"ಅಂದೆ. ಈಗ ಇದೆ ಅಂತಿದೀನಿ."

"ಅಪವಾದ ಇಲ್ಲ ಅಂತ ನೀವೇ ಎರಡು ಸಲ ಹೇಳಿಸಿದ್ರಿ," ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿ ಓಡಿಹೋದರು. ಮೇಷ್ಟ್ರು ಗೇಟಿನ ಸರಳು ಹಿಡಿದು ನಿಂತರು. ಬಾಳಿಡೀ ಕಲಿಸಿದ್ದನ್ನು ಮಕ್ಕಳು ಮರೆತರೆಂದು ಕೊರಗಿದವರು ಅವರು. ಕಲಿಸಿದ್ದನ್ನು ಮರೆಯಿರೆಂದು ಬೇಡಿದ್ದು ಇದೇ ಮೊದಲು.

ಗ್ರಂಥಪಾಲಕರು ದಾರಿಯಲ್ಲಿ ತಡೆದು ಕೊನೆಯ ಮಾತು ಹೇಳಿದರು. "ಹೆತ್ತವರು ಯಾರೂ ಮಕ್ಕಳನ್ನ ಕಳಿಸಲ್ಲ ಅಂತಿದಾರೆ ಸಾರ್. ಈ ಶನಿವಾರ ಕೋಣೆ ಖಾಲಿ ಇದ್ರೆ ಚದುರಂಗದವರಿಗೆ ಬೀಗದ ಕೈ ಕೊಡ್ತೀನಿ. ಅಮ್ಮನವರಿಗೆ ನೀವೇ ಹೇಳಿಬಿಡಿ. ನನಗೆ ಬಾಯಿ ಬರಲ್ಲ."

ಅದೇ ವಾರ ವೈದ್ಯರು ಟಾರ್ಚು ಹಾಕಿ ಗಂಟಲು ನೋಡಿ, ಗಾಯ ಮಾಗಿದೆ, ಇನ್ನು ಒಂದೊಂದು ಮಾತು ಆಡಿ ನೋಡಬಹುದು ಎಂದರು. ಹೆಂಡತಿ ತಲೆಯಾಡಿಸಿದರು. ಆಡಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಕಿಟಕಿಯಾಚೆ ನೋಡುತ್ತ, ಸ್ಲೇಟನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಕೂತಿದ್ದರು. ಬಾಯಿ ತೆರೆದರೆ ಏನು ಬರುತ್ತದೋ, ಏನೂ ಬರದೇ ಹೋಗುತ್ತದೋ ಎಂದು ಆಕೆ ಹೆದರಿದ್ದು ಮೇಷ್ಟ್ರಿಗೆ ತಿಳಿಯಿತು. ಅವರೂ ಅಷ್ಟೇ ಹೆದರಿದ್ದರಿಂದ ಕೇಳಲಿಲ್ಲ. ಮನೆಯಲ್ಲಿ ಮತ್ತೆ ಟಣ್ ಎಂದಿತು.

ಶುಕ್ರವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಪಿಟೀಲು ನಿಂತಿದ್ದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ದಿಂಬು, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿ.

"ಬಂದೆ," ಎಂದಳು ಬ್ರಷ್ಷು ತೆಗೆದು.

"ಎಲ್ಲಿಗಮ್ಮ?" ಎಂದರು ಮೇಷ್ಟ್ರು.

"ಇಲ್ಲಿಗೇ. ಹುಟ್ಟಿದಾಗಿಂದ ನಿಮ್ಮನೇಲೇ ತಿಂದಿದೀನಲ್ಲ. ಲೆಕ್ಕ ಹಾಕೋಕೆ ಕೂತೆ, ಬೆರಳು ಸಾಲಲಿಲ್ಲ. ಅದಕ್ಕೇ ಪೂರ್ತಿ ಬಂದುಬಿಟ್ಟೆ."

ಹೇಳಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಹಿಂದೆಯೇ ಅವಳಮ್ಮ ಮೆಟ್ಟಿಲಿಳಿದು ಬಂದಳು. ಪಾಳಿ ಮುಗಿಸಿ ಬಂದ ಬಿಳಿ ಉಡುಪು ಇನ್ನೂ ಮೈಮೇಲಿತ್ತು.

"ನೋಡಿ ಮೇಷ್ಟ್ರೇ, ನಿಮ್ಮ ಕಥೆ ನನ್ನ ಮಗಳನ್ನ ಮನೆ ಬಿಡಿಸ್ತು. ಲೈಬ್ರರೀಲಿ ಕಪಾಟು ಬೀಳಿಸಿದ್ರಿ, ಹೋಗಲಿ ಅಂದ್ಕೊಂಡೆ. ಶಾಲೇಲಿ ಯಾವ ಮಗೂನೂ ಊಟ ಮಾಡ್ತಿಲ್ಲ, ಹೋಗಲಿ ಅಂದ್ಕೊಂಡೆ. ನಾಳೆಯಿಂದ ಆ ಕೋಣೆಗೇ ಬೀಗ ಅಂತೆ, ಅದೂ ನಿಮ್ಮ ಪುಣ್ಯ. ಈಗ ಇವಳು ‘ಅಮ್ಮಾ, ಹಬ್ಬಹರಿದಿನಕ್ಕೆ ಬಂದು ನೋಡ್ಕೊಂಡು ಹೋಗ್ತೀನಿ’ ಅಂತಾಳೆ. ಹೆತ್ತವಳು ನಾನು. ಏನು ಮಾಡ್ಲಿ ಹೇಳಿ."

ಮೇಷ್ಟ್ರ ಬೆನ್ನ ಹಿಂದೆ ಹೆಂಡತಿ ನಿಂತಿದ್ದರು. ಕಪಾಟು, ಊಟ, ಬೀಗ, ಎಲ್ಲವನ್ನೂ ಕೇಳಿದ್ದರು. ಆಕೆಯ ಕೈಯಲ್ಲಿದ್ದ ಚಮಚ ಯಾವ ತಟ್ಟೆಗೂ ಬಡಿಯಲಿಲ್ಲ.

ಚಮಚ ಕೆಳಗಿಟ್ಟು, ಆಕೆ ಪಿಟೀಲುವನ್ನು ಪಕ್ಕಕ್ಕೆ ಕೂರಿಸಿಕೊಂಡು ಸ್ಲೇಟಿನ ಮೇಲೆ ಬರೆದರು: "ಇವರ ಮನೇಲಿ ಮೊದಲ ಸಲ ನಾನೂ ಅರ್ಧ ಲೋಟ ಕಾಫಿ ಕುಡಿದೆ."

"ಆಮೇಲೆ?" ಎಂದಳು ಪಿಟೀಲು.

ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದರು: "ನೋಡ್ತಿದೀಯಲ್ಲ. ಇನ್ನೂ ಬಿಟ್ಟಿಲ್ಲ."

ನರ್ಸು ಸಿಟ್ಟನ್ನು ಹಿಡಿದುಕೊಳ್ಳಲು ಹೋಗಿ ಜಾರಿಸಿಬಿಟ್ಟಳು. ನಕ್ಕಳು. ಹೆಂಡತಿ ಕಿಟಕಿಯ ಬಳಿಯಿಂದ ದಪ್ಪ ಪುಸ್ತಕ ತರಿಸಿ, ಆ ಕಥೆಯ ಕೊನೆಯ ಪುಟ ಓದಿದರು. ಬರೆದರು: "ಆ ಹುಡುಗಿ ಅಮ್ಮನ ಹತ್ತಿರ ವಾಪಸ್ ಹೋದಳು ತಾನೆ?"

"ಹೋದಳು. ಆದ್ರೆ ಕಾಳಿಗೆ ಒಂದು ತಿಂಗಳು ಪಾತಾಳಕ್ಕೆ ಬರಬೇಕು."

ಒರೆಸಿದರು. "ಪಾತಾಳ ದೊಡ್ಡ ಅರಮನೆ. ಅಲ್ಲಿ ತಿಂಗಳ ಲೆಕ್ಕ."

ಒರೆಸಿದರು. "ನಮ್ಮದು ಚಿಕ್ಕ ಮನೆ. ಒಂದೊಂದು ಊಟಕ್ಕೆ ಒಂದು ಸಂಜೆ. ಅಮ್ಮ ಬರೋ ತನಕ."

ಪಿಟೀಲು ಯೋಚಿಸಿದಳು. "ಅಷ್ಟು ಹೊತ್ತು ಈಗಲೂ ಇರ್ತೀನಲ್ಲ."

ಆಕೆ ತಲೆಯಾಡಿಸಿದರು.

"ಶಾಲೇಲಿ ತಿಂದ್ರೆ?"

"ಕೊನೇ ಗಂಟೆ ತನಕ."

"ಹಲ್ಲಿನ ಡಾಕ್ಟರ ಹತ್ತಿರ ನೀರು ನುಂಗಿದ್ರೆ?"

"ನೀರಿಗೆ ಲೆಕ್ಕ ಇಲ್ಲ."

"ಲೈಬ್ರರಿ ದ್ರಾಕ್ಷಿ?"

ಇಲ್ಲಿ ಆಕೆ ಒಮ್ಮೆ ಮೇಜಿನ ಮೇಲಿನ ಡಬ್ಬಿಯನ್ನು ನೋಡಿ ಬರೆದರು: "ದ್ರಾಕ್ಷಿಗೆ ಒಂದು ಶನಿವಾರ."

ಪಿಟೀಲು ದಿಂಬನ್ನು ಅಲ್ಲೇ ಬಿಟ್ಟು, ಈ ಹೊಸ ತೀರ್ಪನ್ನು ಊರಿಗೆ ಸಾರಲು ಓಡಿದಳು. "ಸೂಟ್‌ಕೇಸ್ ಯಾರು ತಗೊಂಡ್ಹೋಗ್ತಾರೆ, ನಾನಾ?" ಎಂದು ಕೂಗುತ್ತ ಅವಳಮ್ಮ ಹಿಂದೆ ಹೋದಳು.

ಹೆಂಡತಿ ಬಾಗಿಲು ಮುಚ್ಚಿ ಮೇಷ್ಟ್ರತ್ತ ತಿರುಗಿ ಬರೆದರು: "ಹಠ ಹಿಡಿದ್ರು ಅಂದ್ರಲ್ಲ."

ಮೇಷ್ಟ್ರು ನೆಲ ನೋಡಿದರು. ಆಕೆ ಅದನ್ನು ಒರೆಸಿ, ಮತ್ತೇನೂ ಬರೆಯದೆ ಸ್ಲೇಟನ್ನು ಮೊಳೆಗೆ ತೂಗುಹಾಕಿ ಮಲಗಲು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಮೇಷ್ಟ್ರು ಹೊತ್ತಿಗೆ ಮುಂಚೆಯೇ ಹೋಗಿ ಖಾಲಿ ಜಮಖಾನೆಯ ಎದುರಿನ ಕುರ್ಚಿಯಲ್ಲಿ ಕೂತರು. ಹೆಂಡತಿ ಜೊತೆಗೆ ಬಂದಿರಲಿಲ್ಲ. ಬರುವೆನೆಂದೂ ಬರೆಯಲಿಲ್ಲ, ಬಾರೆನೆಂದೂ ಬರೆಯಲಿಲ್ಲ. ಚದುರಂಗದ ತರಬೇತುದಾರ ಆಗಲೇ ಬಂದು, ಬಹಳ ಮರ್ಯಾದೆಯಿಂದ, ಕಾಲಿನ ತುದಿಯಲ್ಲಿ ನಡೆಯುತ್ತ ಎಷ್ಟು ಮೇಜು ಹಿಡಿಸಬಹುದೆಂದು ಗೇಣು ಹಾಕಿ ಅಳೆಯುತ್ತಿದ್ದ. "ಒರಗಿ ಕೂತ್ಕೊಳ್ಳಿ ಸಾರ್, ನನ್ನಿಂದ ನಿಮಗೆ ತೊಂದರೆ ಬೇಡ," ಎಂದ. ಗ್ರಂಥಪಾಲಕರು ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಡಿಯಾರ ನೋಡುತ್ತಿದ್ದರು. ಗೋಡೆಯ ಸುಣ್ಣದಲ್ಲಿ ಹೆಂಡತಿಯ ಬ್ರಷ್ಷಿನ ಗುರುತು ಅಲ್ಲಲ್ಲಿ ಹಾಗೇ ಇತ್ತು. ಕೈ ಎಟುಕುವಷ್ಟು ಎತ್ತರಕ್ಕೆ ಒಂದು ಬಣ್ಣ, ಅದರ ಮೇಲೆ ಹಳೆಯದು. ಆ ದಿನ ಏಣಿ ಹಿಡಿದುಕೊಳ್ಳಲು ತಾವು ಬರಲಿಲ್ಲವೆಂಬುದು ಮೇಷ್ಟ್ರಿಗೆ ನೆನಪಾಯಿತು. ಆಕೆಗೆ ಹೋಗಿ ಏನೆಂದು ಹೇಳುವುದು? ನಿನ್ನ ಧ್ವನಿಯನ್ನು ವೈದ್ಯರು ಕಾಪಾಡಲು ನೋಡುತ್ತಿದ್ದರು, ನಿನ್ನ ಕೋಣೆಯನ್ನು ನಾನು ಎರಡು ಕಥೆಯಲ್ಲಿ ಮುಗಿಸಿಬಿಟ್ಟೆ ಎಂದೇ?

ಗಡಿಯಾರ ಬಡಿಯಿತು. ಗ್ರಂಥಪಾಲಕರು ಬೆರಳಿನಿಂದ ಬೀಗದ ಕೈ ತೆಗೆದರು.

ಆಗ ಹೊರಗೆ ಗದ್ದಲ ಕೇಳಿಸಿತು.

ಮೊದಲು ಬಂದದ್ದು ಗುಂಡಣ್ಣ. ಅವನ ಹಿಂದೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬೇಕರಿಯವ. "ಬೇಡ ಅಂದೆ ಸಾರ್. ಕೇಳಲ್ಲ. ತಿಂದಿದೀನಿ, ಹೋಗಲೇಬೇಕು ಅಂತಾನೆ. ಇವನ ಲೆಕ್ಕದ ಪ್ರಕಾರ ಇವನು ಮುಂದಿನ ವರ್ಷಾನೂ ಬರ್ತಾ ಇರ್ಬೇಕಂತೆ." ಆಮೇಲೆ ಬ್ಯಾಂಕಿನ ಗುಮಾಸ್ತರ ಮಗ, ಈ ಸಲ ಅಪ್ಪನನ್ನು ಅವನೇ ಎಳೆದುಕೊಂಡು ಬಂದ. ಆಮೇಲೆ ದರ್ಜಿಯ ಅವಳಿಗಳು. ಒಬ್ಬ ನೇರ ಒಳಗೆ ಬಂದು ಕೂತ. ದ್ರಾಕ್ಷಿ ಚೆಲ್ಲಿಕೊಂಡಿದ್ದವನು ಬಾಗಿಲಲ್ಲೇ ನಿಂತ.

"ನಾನು ತಿಂದಿಲ್ಲ. ಒಳಗೆ ಬರೋ ಹಾಗಿಲ್ಲ. ಮೊದಲು ಎರಡು ಕೊಡಿ."

ಮೇಷ್ಟ್ರು ಡಬ್ಬಿ ತೆರೆದು ಕೊಟ್ಟರು. ಅವನು ತಿಂದು ಒಳಗೆ ಬಂದು ಅಣ್ಣನ ಅಂಗಿ ಹಿಡಿದುಕೊಂಡು ಕೂತ. ಕೋಣೆ ತುಂಬಿತು. ಗ್ರಂಥಪಾಲಕರು ಬೀಗದ ಕೈಯನ್ನು ಜೇಬಿಗಿಳಿಸಿ, ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. ತರಬೇತುದಾರ ಗೇಣು ಹಾಕುತ್ತಿದ್ದ ಕೈಯನ್ನು ಬೆನ್ನ ಹಿಂದೆ ಮಡಚಿಕೊಂಡ.

ಎಲ್ಲರಿಗಿಂತ ಕೊನೆಗೆ, ಪಿಟೀಲುವಿನ ಕೈ ಹಿಡಿದು, ಕೊರಳಲ್ಲಿ ಸ್ಲೇಟು ಹಾಕಿಕೊಂಡು ಹೆಂಡತಿ ಬಂದರು. ಹಿಂದಿನ ಸಾಲಿನಲ್ಲಿ, ತಾವೇ ಸುಣ್ಣ ಹೊಡೆದ ಗೋಡೆಗೆ ಒರಗಿ ಕೂತರು.

ಮೇಷ್ಟ್ರಿಗೆ ಆನೆಬಲ ಬಂತು. ಎದ್ದು ನಿಂತರು, ಎಡಗೈ ಸೊಂಟಕ್ಕೆ ಹೋಯಿತು, ಬಲಗೈ ಆಕಾಶಕ್ಕೆ.

"ಮಕ್ಕಳೇ, ಪ್ರಾಚೀನ ಗ್ರೀಸು ದೇಶದ ಹವಾಮಾನ..."

"ಬದಲಿ ತಾತ," ಎಂದಳು ಪಿಟೀಲು. "ಒಂದು ನಿಮಿಷ. ನಾವು ಬರೋಕೆ ಒಪ್ಪಿದೀವಿ. ಕೇಳೋಕೆ ಒಪ್ಪಿಲ್ಲ."

ಮೇಷ್ಟ್ರ ಬಲಗೈ ಆಕಾಶದಲ್ಲೇ ಉಳಿಯಿತು.

"ಮತ್ತೆ ನೀವೆಷ್ಟು ತಿಂದಿದೀರಿ?" ಎಂದು ಅವಳೇ ಮುಂದುವರಿಸಿದಳು. "ಹೋದ ಶನಿವಾರ ಹಿಡಿ ತುಂಬ ಹಾಕ್ಕೊಂಡ್ರಿ."

"ಅದಕ್ಕೆ ಮುಂಚಿನ ಶನಿವಾರಾನೂ," ಎಂದ ಗುಂಡಣ್ಣ. ಇಂಥ ವಿಷಯದಲ್ಲಿ ಅವನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಮನೇಲೂ ಡಬ್ಬಿಗೆ ಕೈ ಹಾಕ್ತಾರೆ. ನಾನು ಚಿಕ್ಕವಳಿದ್ದಾಗಿಂದ ನೋಡಿದೀನಿ. ಅಪವಾದ ಇಲ್ಲ ಅಲ್ವಾ? ಅಜ್ಜಿ, ತಾತ ಎಷ್ಟು ಶನಿವಾರ ಬರಬೇಕು?"

ಇಡೀ ಕೋಣೆ ಹಿಂದಕ್ಕೆ ತಿರುಗಿತು. ಹೆಂಡತಿ ಸ್ಲೇಟು ಎತ್ತಿದರು, ಬಳಪ ಹಿಡಿದರು. ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಬಳಪವನ್ನು ಮಡಿಲಲ್ಲಿಟ್ಟರು.

"ಜೀವಾವಧಿ," ಎಂದರು.

ಬರೆದದ್ದಲ್ಲ. ಆಡಿದ್ದು. ಒಡೆದ, ಒರಟಾದ ಧ್ವನಿ, ಎಷ್ಟೋ ಕಾಲ ಎಣ್ಣೆ ಕಾಣದ ಬಾಗಿಲಿನದು, ಒಳಗಿನ ಯಾವುದೋ ಆಳದಿಂದ ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದದ್ದು. ಮಕ್ಕಳು ಕಮಕ್ ಕಿಮಕ್ ಎನ್ನಲಿಲ್ಲ. ಆಕೆ ತಾವೇ ಬೆದರಿ ಗಂಟಲಿಗೆ ಕೈಯಿಟ್ಟುಕೊಂಡರು. ಇದು ತನ್ನದಲ್ಲ ಎಂಬಂತೆ ಮುಖ ಚಿಕ್ಕದಾಯಿತು. ಆಕಾಶದಲ್ಲಿದ್ದ ಮೇಷ್ಟ್ರ ಬಲಗೈ ಕೆಳಗಿಳಿದು ಕುರ್ಚಿಯ ಬೆನ್ನು ಹಿಡಿಯಿತು.

ಪಿಟೀಲು ತಲೆ ಓರೆ ಮಾಡಿ ಆ ಧ್ವನಿಯನ್ನು ತೂಗಿ ನೋಡಿದಳು.

"ಅಜ್ಜಿ," ಎಂದಳು, "ಪಾತಾಳದ ರಾಜ ಮಾತಾಡಿದ್ರೆ ಹೀಗೇ ಇರುತ್ತೆ. ಬದಲಿ ತಾತನಿಗೆ ಇದು ಬರ್ತಾನೇ ಇರಲಿಲ್ಲ. ನೀವೇ ಹೇಳಿ. ಚೂರು ಚೂರು ಹೇಳಿದ್ರೂ ಪರವಾಗಿಲ್ಲ, ನನಗಿನ್ನೂ ಐದು ಶನಿವಾರ ಇದೆ."

ಆಕೆ ಎದ್ದು ಮುಂದೆ ಬಂದರು. ಕುರ್ಚಿಯ ಪಕ್ಕದಲ್ಲಿ ನಿಂತಿದ್ದ ಗಂಡನ ಕೈಗೆ ಚಮಚ ಕೊಟ್ಟು, ಕಣ್ಣಿನಲ್ಲೇ ಮೂಲೆ ತೋರಿಸಿ, ಕುರ್ಚಿಯಲ್ಲಿ ಕೂತರು. ಮೇಷ್ಟ್ರು ಹೋಗಿ ಮೂಲೆಯಲ್ಲಿ ಡಬ್ಬಿಯ ಪಕ್ಕ ಕೂತರು. ಮುಂದೆ ಆ ಪಾತಾಳದ ರಾಜ, ಒಂದು ಮಾತಿಗೆ ಒಮ್ಮೆ ಉಸಿರೆಳೆದುಕೊಳ್ಳುತ್ತ, ಮಾತು ಸಿಗದ ಕಡೆ ಸ್ಲೇಟು ಎತ್ತಿ ತೋರಿಸುತ್ತ, ರಥ ಹತ್ತಿದ. ಅವಳಿಗಳು ಇನ್ನಷ್ಟು ಹತ್ತಿರ ಸರಿದು ಕೂತರು. ತರಬೇತುದಾರನೂ ಬಾಗಿಲ ಬಳಿ ಚಕ್ಕಳಮಕ್ಕಳ ಹಾಕಿ ಕೂತ.

ಮೇಷ್ಟ್ರ ಕಣ್ಣು ಮಂಜಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಸಂತೋಷಕ್ಕೋ ಸಂಕಟಕ್ಕೋ, ಕೈ ತನ್ನಷ್ಟಕ್ಕೇ ಡಬ್ಬಿಯೊಳಗೆ ಹೋಗಿ ಒಂದೇ ಒಂದು ದ್ರಾಕ್ಷಿಯನ್ನು ಎತ್ತಿ ಬಾಯಿಯವರೆಗೆ ತಂದಿತು.

ಪಾತಾಳದ ರಾಜ ರಥದೊಂದಿಗೆ ನಡುದಾರಿಯಲ್ಲೇ ನಿಂತ. ತಿರುಗಿ ನೋಡದೆಯೇ, ಆ ಒಡೆದ ಧ್ವನಿಯಲ್ಲಿ, ಕುರ್ಚಿಯಿಂದ ಒಂದೇ ಒಂದು ಪದ ಬಂತು.

"ರೀ."

ಮೇಷ್ಟ್ರು ದ್ರಾಕ್ಷಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಕೈಕಟ್ಟಿ ಕೂತರು.